ನಂದಾದೀಪಕ್ಕೂ ಬಾಯ್ಲರಿಗೂ ಒಂದೇ ಗಾಳಿ

ಲಂಡನ್ನಿನಲ್ಲಿ ಏನೇನು ನೋಡಿದಿರಿ ಎಂದು ಕೇಳಿದವರಿಗೆಲ್ಲ ನಾನು ಅಕ್ಕನ ಅಡಿಗೆಮನೆಯ ಬಾಯ್ಲರಿನ ಸುದ್ದಿಯನ್ನೇ ಹೇಳುತ್ತೇನೆ. ಅರ್ಧ ಜನ ನಡುವೆಯೇ ಎದ್ದು ಹೋಗುತ್ತಾರೆ. ರಾಣಿಯ ಅರಮನೆಯನ್ನು ನಾನೂ ನೋಡಿದ್ದೇನೆ, ಹೊರಗಿನಿಂದ, ಮಳೆಯಲ್ಲಿ. ಅದರ ಬಗ್ಗೆ ಹೇಳುವುದಕ್ಕೆ ಇಷ್ಟೇ ಇದೆ. ಬಾಯ್ಲರಿನ ಬಗ್ಗೆ ಹೇಳುವುದು ಬಹಳ ಇದೆ, ಏಕೆಂದರೆ ಅದು ನನ್ನ ಅಕ್ಕನ ಜೀವ ತೆಗೆಯುವುದರಲ್ಲಿತ್ತು.

ಕೆಂಟನ್

ಅಕ್ಕ ಶಕುಂತಲಾ ಮದುವೆಯಾಗಿ ಲಂಡನ್ನಿಗೆ ಹೋದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಆಮೇಲೆ ಧಾರವಾಡದ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ನನ್ನ ಅರ್ಧ ಆಯುಷ್ಯ ಕಳೆಯಿತು. ಅವಧಿಗೆ ಮೊದಲೇ ನಿವೃತ್ತಿ ಪಡೆದ ಮೇಲೆ, ತೊಂಬತ್ತರ ದಶಕದ ಕೊನೆಯ ಒಂದು ಅಕ್ಟೋಬರಿನಲ್ಲಿ, ಅವಳ ಮನೆಯ ನವರಾತ್ರಿಗೆಂದು ಹೊರಟೆ. ಭಾವ ವಸಂತರಾವ್ ಆಸ್ಪತ್ರೆಯೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದರು. ಮಗಳು ಮದುವೆಯಾಗಿ ದೂರದ ಊರು ಸೇರಿದ್ದರಿಂದ ಮನೆಯಲ್ಲಿ ಇಬ್ಬರೇ.

ಅಕ್ಕ ಇರುವ ಬಡಾವಣೆ ಕೆಂಟನ್ನಿನ ಮನೆಗಳು ಜೋಡಿ ಜೋಡಿಯಾಗಿ ಒಂದೇ ಗೋಡೆ ಹಂಚಿಕೊಂಡು ನಿಂತಿರುತ್ತವೆ. ಆಚೆ ಮನೆಯವರು ಕೆಮ್ಮಿದರೆ ಈಚೆಗೆ ಕೇಳುತ್ತದೆ, ಆದರೆ ಕೇಳಿಸಿತು ಎಂದು ಯಾರೂ ಹೇಳುವುದಿಲ್ಲ. ನಮ್ಮ ಓಣಿಯಲ್ಲಾದರೆ ಕೆಮ್ಮು ನಿಲ್ಲುವ ಮೊದಲೇ ಯಾರಾದರೂ ಕಷಾಯದ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಯಾವುದು ಒಳ್ಳೆಯದು ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ.

ಅಕ್ಕನ ಅಡಿಗೆಮನೆಯ ಮೂಲೆಯಲ್ಲಿ ಸೊಂಟದೆತ್ತರದ ಒಂದು ಬಿಳಿ ತಗಡಿನ ಪೆಟ್ಟಿಗೆ ಇತ್ತು. ಅದೇ ಬಾಯ್ಲರು. ಒಳಗೆ ಗ್ಯಾಸಿನ ಉರಿ. ನಮ್ಮ ಬಚ್ಚಲ ಹಂಡೆ ಸ್ನಾನಕ್ಕಷ್ಟೇ ನೀರು ಕಾಯಿಸುತ್ತದೆ. ಇದು ಇಡೀ ಮನೆಗೆ ಕಾಯಿಸುತ್ತದೆ. ಬಿಸಿನೀರು ಕೊಳವೆಗಳಲ್ಲಿ ಓಡಾಡಿ ಕೋಣೆ ಕೋಣೆಯ ರೇಡಿಯೇಟರುಗಳನ್ನು ಬೆಚ್ಚಗೆ ಮಾಡುತ್ತದೆ. ಉರಿದ ಹೊಗೆ ಹಳೆಯ ಚಿಮಣಿಯೊಳಗಿನ ಕೊಳವೆ ಹಿಡಿದು ಛಾವಣಿಯ ಮೇಲಕ್ಕೆ ಹೋಗುತ್ತದೆ. ಬಾಯ್ಲರಿನ ಪಕ್ಕದ ಗೂಡಿನಲ್ಲೇ ಅಕ್ಕನ ದೇವರು. ಮನೆಯಲ್ಲಿ ಸದಾ ಬೆಚ್ಚಗಿರುವ ಜಾಗ ಅದೊಂದೇ ಎಂದು ಅಲ್ಲಿ ಇಟ್ಟಿದ್ದಳಂತೆ.

ನಮ್ಮ ಕಡೆ ನವರಾತ್ರಿಗೆ ಘಟ್ಟ ಹಾಕುತ್ತಾರೆ. ಮಣ್ಣು ಹರವಿ, ಕಾಳು ಬಿತ್ತಿ, ಮೇಲೆ ಕಲಶವಿಟ್ಟು, ಪಕ್ಕದಲ್ಲಿ ನಂದಾದೀಪ ಹಚ್ಚುತ್ತಾರೆ. ಹಬ್ಬ ಮುಗಿಯುವ ತನಕ ಘಟ್ಟವನ್ನು ಕದಲಿಸುವಂತಿಲ್ಲ, ದೀಪ ಆರುವಂತಿಲ್ಲ. ನಾನು ಹೋದಾಗ ಘಟ್ಟದ ಸುತ್ತ ಆಗಲೇ ಹಳದಿ ಮೊಳಕೆ ತಲೆ ಎತ್ತಿತ್ತು.

"ನೋಡ ಸುಮೀ, ದೀಪ ಹ್ಯಾಂಗ ನಿಂತದ! ಚಿತ್ರದಾಗ ಬರದಂಗ," ಎಂದಳು ಅಕ್ಕ.

ನಿಜವಾಗಿಯೂ ಜ್ವಾಲೆ ಒಂದಿಷ್ಟೂ ಅಲುಗಾಡದೆ ನಿಂತಿತ್ತು. ಪ್ರತಿ ವರ್ಷ ಅದು ಹೊಯ್ದಾಡಿ ಅವಳ ಜೀವ ಹಿಂಡುತ್ತಿತ್ತಂತೆ. ಗೂಡಿನ ಮೇಲೆ ಹೊರಗೋಡೆಯಲ್ಲಿ ಒಂದು ಜಾಲರಿ. ಅದರಿಂದ ಭರ್ ಎಂದು ಗಾಳಿ. ಈ ಸಲ ಭಾವ ಜಾಲರಿಗೆ ವೃತ್ತಪತ್ರಿಕೆ ತುರುಕಿ, ಮೇಲೆ ಕಂದು ಬಣ್ಣದ ಟೇಪು ಅಂಟಿಸಿಬಿಟ್ಟಿದ್ದರು. ಧಾರವಾಡಕ್ಕೆ ಪಾರ್ಸಲ್ ಕಳಿಸುವಂತೆ ಅಂಚು ಅಂಚಿಗೂ ಒತ್ತಿ ಅಂಟಿಸಿದ್ದರು. ಅಂಚೆಯವಳಾದ ನಾನು ಅದನ್ನು ಮೆಚ್ಚಲೇಬೇಕಾಯಿತು.

ಬಾಯ್ಲರಿನ ಕಿಂಡಿ

ನಾನು ಬಂದ ಮೇಲೆ ಚಳಿ ಜೋರಾಯಿತು. ಬೇಸಿಗೆಯೆಲ್ಲ ಸ್ನಾನಕ್ಕಷ್ಟೇ ಹತ್ತುತ್ತಿದ್ದ ಬಾಯ್ಲರು ಈಗ ದಿನವಿಡೀ ಉರಿಯತೊಡಗಿತು. ನನಗೆ ತಲೆನೋವು ಸುರುವಾಯಿತು. ವಿಮಾನದ ಆಯಾಸ ಅಂದರು. ಅಕ್ಕನಿಗೂ ತಲೆನೋವು, ಜೊತೆಗೆ ವಾಕರಿಕೆ. ಉಪವಾಸದ ಪಿತ್ತ ಅಂದಳು. ದಿನವಿಡೀ ಅಡಿಗೆಮನೆಯಲ್ಲೇ ಇರುವವಳು ಅವಳು; ಹಗಲೆಲ್ಲ ಕಚೇರಿಯಲ್ಲಿರುತ್ತಿದ್ದ ಭಾವನಿಗೆ ಏನೂ ಇರಲಿಲ್ಲ. ಮಧ್ಯಾಹ್ನ ಇಬ್ಬರೂ ಪಾರ್ಕಿಗೆ ಹೋದರೆ ನೋವು ತಾನಾಗಿ ಇಳಿಯುತ್ತಿತ್ತು. ಮನೆಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಪಾರ್ಕಿನಲ್ಲಿ ಇಲ್ಲದ ಪಿತ್ತ ಮನೆಯಲ್ಲಿ ಎಲ್ಲಿಂದ ಬರುತ್ತದೆ ಎಂದು ನನ್ನ ತಲೆ ಕೊರೆಯತೊಡಗಿತು.

ಬಾಯ್ಲರಿನ ಮುಖದಲ್ಲಿ ಉರಿ ಕಾಣಲೆಂದು ಒಂದು ಸಣ್ಣ ಗಾಜಿನ ಕಿಂಡಿ ಇತ್ತು. ಬಗ್ಗಿ ನೋಡಿದೆ. ಉರಿ ಹಳದಿಯಾಗಿ, ಉದ್ದಕ್ಕೆ ನಾಲಿಗೆ ಚಾಚುತ್ತಿತ್ತು. ಮೇಲಿನ ಬಿಳಿ ತಗಡಿಗೆ ಕಂದು ಕಲೆ ಹತ್ತಿತ್ತು. ಧಾರವಾಡದ ನನ್ನ ಒಲೆಯಲ್ಲಿ ಉರಿ ನೀಲಿ ಹೋಗಿ ಹಳದಿ ಬಂದರೆ ಪಾತ್ರೆಯ ತಳ ಕರ್ರಗಾಗುತ್ತದೆ, ಆಗ ಬರ್ನರ್ ತೆಗೆದು ತೊಳೆಯುತ್ತೇನೆ. ಇಷ್ಟನ್ನು ನಮ್ಮ ಕಡೆಯ ಯಾವ ಹೆಂಗಸಿಗೂ ಕಲಿಸಬೇಕಾಗಿಲ್ಲ.

"ಭಾವ, ಇದರ ಉರಿ ಛಲೋ ಇಲ್ಲ. ಯಾರನ್ನರೆ ಕರಸ್ರಿ," ಎಂದೆ.

"ಇಲ್ಲಿ ಗ್ಯಾಸ ಬ್ಯಾರೆ, ಉರಿ ಬ್ಯಾರೆ. ಸೋರಿದ್ರ ವಾಸನಿ ಬರ್ತಿತ್ತಲ್ಲಾ? ಹಬ್ಬ ಮುಗೀಲಿ," ಎಂದರು ಅವರು.

ನಾನು ಹಿಡಿದದ್ದನ್ನು ಬಿಡುವವಳಲ್ಲ. ಪಕ್ಕದ ಮನೆಯ ಗುಜರಾತಿ ಹೆಂಗಸನ್ನು ಎಲ್ಲರೂ ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದರು; ಅವರ ಹತ್ತಿರ ಹೋಗಿ, ನಿಮ್ಮ ಬಾಯ್ಲರು ನೋಡುವವರು ಯಾರು ಎಂದು ಕೇಳಿದೆ. ಸಿಕ್ಕವರನ್ನೆಲ್ಲ ಕರೆಯಬೇಡಿ, ಗ್ಯಾಸಿನ ಕೆಲಸಕ್ಕೆ ನೋಂದಣಿ ಆದವರೇ ಬೇಕು, ಇಲ್ಲಿ ಕಾನೂನೇ ಹಾಗಿದೆ ಎಂದು ಹೇಳಿ ಅವರೇ ಫೋನು ಮಾಡಿದರು.

ಟೆರಿ ಬಂದ

ಬಂದವನ ಹೆಸರು ಟೆರಿ. ದಪ್ಪ ಮೀಸೆ, ಗಟ್ಟಿ ಗಂಟಲು. ಬಾಗಿಲು ತೆಗೆದ ಕೂಡಲೇ ನನ್ನನ್ನು "ಲವ್" ಎಂದು ಕರೆದ. ನಾನು ಅಲ್ಲೇ ಕಲ್ಲಾದೆ. ಪೋಸ್ಟಿನಲ್ಲಿ ಇಷ್ಟು ವರ್ಷ ಯಾರೂ ಆಡದ ಮಾತು. ಆಮೇಲೆ ನೋಡಿದರೆ ಅಕ್ಕನೂ ಲವ್, ಪಕ್ಕದ ಮನೆಯ ಬೆನ್ ಕೂಡ ಲವ್; ನಮ್ಮ ಕಡೆ ತರಕಾರಿಯವರು ಎಲ್ಲರನ್ನೂ ಅಕ್ಕಾರ ಅನ್ನುತ್ತಾರಲ್ಲ, ಅಷ್ಟೇ ಅದರ ತೂಕ.

ಅವನು ಕಿಂಡಿಯಲ್ಲಿ ಒಮ್ಮೆ ನೋಡಿದ. ಕಂದು ಕಲೆಯ ಮೇಲೆ ಬೆರಳು ಎಳೆದ. ಕಿಟಕಿ ಬಾಗಿಲು ಹಾಕಿಸಿ, ಹೊಗೆ ಬಿಡುವ ಒಂದು ಕಡ್ಡಿ ಹೊತ್ತಿಸಿ ಬಾಯ್ಲರಿನ ಹೊಗೆ ಹೋಗುವ ಬಾಯಿಯ ಹತ್ತಿರ ಹಿಡಿದ. ಆ ಹೊಗೆ ಒಳಗೆ ನುಗ್ಗಿ ಮೇಲೆ ಹೋಗಬೇಕಿತ್ತು. ಹೋಗಲಿಲ್ಲ. ಹೊರಳಿ ನಮ್ಮ ಮುಖಕ್ಕೇ ಬಂತು.

ಟೆರಿ ಕೂಡಲೇ ಬಾಯ್ಲರಿನ ಗ್ಯಾಸಿನ ಕಾಕು ತಿರುಗಿಸಿ ಬಂದ್ ಮಾಡಿದ, ಅಕ್ಕ ದೀಪಕ್ಕೆ ಕೈ ಅಡ್ಡ ಹಿಡಿಯುತ್ತಿದ್ದಂತೆ ಕಿಟಕಿಗಳನ್ನೆಲ್ಲ ತೆರೆದ, ಗಾಳಿಯ ದಾರಿ ಎಲ್ಲಿ ಎಂದು ಗೋಡೆಯನ್ನು ಕಣ್ಣಿನಲ್ಲೇ ಹುಡುಕಿದ. ದೇವರ ಗೂಡಿನ ಮೇಲಿನ ಕಂದು ಟೇಪು ಕಂಡಿತು. ಆಮೇಲೆ ನಮ್ಮನ್ನು ಕೂರಿಸಿ ಹೇಳಿದ್ದು ಇಷ್ಟು. ಈ ಜಾತಿಯ ಬಾಯ್ಲರು ಕೋಣೆಯ ಗಾಳಿಯನ್ನೇ ಉಸಿರಾಡುತ್ತದೆ. ಆ ಜಾಲರಿ ಇರುವುದು ಅದಕ್ಕೆ. ಅದನ್ನು ಮುಚ್ಚಿದರೆ ಉರಿ ಅರೆಬರೆ ಉರಿದು ವಿಷದ ಗಾಳಿ ಹುಟ್ಟುತ್ತದೆ, ಮೇಲೆ ಹೋಗುವ ಬದಲು ಮನೆಯೊಳಗೆ ಇಳಿಯುತ್ತದೆ. ಗ್ಯಾಸು ಸೋರಿದರೆ ಮೂಗಿಗೆ ತಿಳಿಯುತ್ತದೆ. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಎಂದು ಮಲಗಿದವರು ಏಳುವುದಿಲ್ಲ. ಇಷ್ಟು ದಿನ ಅಕ್ಕ ಪಿತ್ತ ಪಿತ್ತ ಎನ್ನುತ್ತ ಅದರ ಪಕ್ಕದಲ್ಲೇ ಕೂತಿದ್ದಳಲ್ಲ!

ಟೇಪು ಕೀಳಿ, ನಾನು ಒಳಗೆ ಸ್ವಚ್ಛ ಮಾಡಿ, ಮತ್ತೆ ಪರೀಕ್ಷೆ ಮಾಡಿ, ಸರಿಯಿದ್ದರೆ ಹಚ್ಚಿಕೊಡುತ್ತೇನೆ ಎಂದ ಟೆರಿ. ಅಕ್ಕ ಎದ್ದು ದೇವರ ಗೂಡಿಗೆ ಬೆನ್ನು ಕೊಟ್ಟು ನಿಂತಳು.

"ಟೇಪ್ ಕೀಳಂಗಿಲ್ಲ. ದೀಪ ಆರ್ತದ. ಹಬ್ಬ ಮುಗೀಲಿ ಅಂತ ಹೇಳವಾ ಅವಗ."

ಹೇಳಿದೆ. ಟೆರಿ ಸಿಟ್ಟಾಗಲಿಲ್ಲ. ದೇವರ ಕಡೆ, ಅಕ್ಕನ ಕಡೆ ನೋಡಿ, ಬಾಯ್ಲರಿಗೆ 'ಅಪಾಯ, ಬಳಸಬೇಡಿ' ಎಂಬ ಕೆಂಪು ಚೀಟಿ ಅಂಟಿಸಿದ. ಇಬ್ಬರೂ ಇವತ್ತೇ ಡಾಕ್ಟರಿಗೆ ತೋರಿಸಿಕೊಳ್ಳಿ, ಜಾಲರಿ ತೆರೆದ ದಿನ ನನ್ನನ್ನು ಕರೆಯಿರಿ ಎಂದು ಹೇಳಿ ಚಹಾ ಮುಗಿಸಿ ಹೋದ. ಅವತ್ತೇ, ಅಲ್ಲಿಯವರು ಜಿಪಿ ಎನ್ನುವ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದೆವು. ರಕ್ತ ಪರೀಕ್ಷಿಸಿ, ಗಾಬರಿಯಿಲ್ಲ, ಆದರೆ ಆ ಬಾಯ್ಲರು ಹಚ್ಚಲೇಬೇಡಿ ಎಂದರು.

ಚಳಿ

ಬಾಯ್ಲರು ಆರಿದ ಲಂಡನ್ ಮನೆ ಎಂದರೆ ಏನೆಂದು ಅಲ್ಲಿದ್ದವರಿಗೇ ಗೊತ್ತು. ಗೋಡೆಗಳಿಂದಲೇ ಚಳಿ ಇಳಿಯುತ್ತದೆ. ಬೆನ್ ಒಂದು ಕರೆಂಟಿನ ಹೀಟರ್ ಕೊಟ್ಟರು. ಅದರ ಎದುರಿದ್ದ ಮೊಣಕಾಲು ಸುಡುತ್ತಿತ್ತು, ಬೆನ್ನು ಮಾತ್ರ ಮಂಜುಗಡ್ಡೆ.

ಅದಕ್ಕಿಂತ ದೊಡ್ಡ ತೊಂದರೆ ಸ್ನಾನದ್ದು. ಅಕ್ಕ ಮಡಿಯಲ್ಲಿ ಪೂಜೆ ಮಾಡುವವಳು. ಕೆಟ್ಲಿನಲ್ಲಿ ನೀರು ಕಾಯಿಸಿ ಕೊಡುತ್ತೇನೆಂದರೆ ಕೇಳಲಿಲ್ಲ.

"ಕೆಟ್ಲಿ ಚಾದ್ದು, ಒಲಿ ಮುಸುರಿದು. ಆ ನೀರು ಮಡಿಗೆ ಬರೂದಿಲ್ಲ. ನಳದ ನೀರಽ ಆಗಬೇಕು."

ತಣ್ಣೀರಿನಲ್ಲಿ ಸ್ನಾನ ಮಾಡಿ, ಹಲ್ಲು ಕಟಕಟ ಎನ್ನುತ್ತ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಕೆಮ್ಮು ಹತ್ತಿತು. ಭಾವ ಅವಳ ಹಣೆ ಮುಟ್ಟಿ ನೋಡಿ, ಗ್ಯಾಸಿನ ಕಾಕಿನ ಕಡೆ ಕಣ್ಣು ಹಾಯಿಸುವುದನ್ನು ನಾನು ಕಂಡೆ.

"ಒಂದ ತಾಸು ಹಚ್ಚಿ, ನೀರು ಕಾದ ಮ್ಯಾಲೆ ಆರಿಸಿಬಿಟ್ರ ಏನಾಗ್ತದ ಸುಮಿತ್ರಾ? ಇಕೀಗೆ ನಿಮೋನಿಯಾ ಆದ್ರ ಯಾರು ನೋಡ್ತಾರ?"

"ಟೇಪ್ ಕಿತ್ತು, ಅವನ್ನ ಕರಸಿ ಹಚ್ರಿ, ನಾ ಬ್ಯಾಡನ್ನೂದಿಲ್ಲ. ಟೇಪ್ ಇಟ್ಟು ಹಚ್ಚೂದಿದ್ರ ನನ್ನ ದಾಟಿ ಹೋಗ್ರಿ," ಎಂದು ಬಾಯ್ಲರಿನ ಮುಂದೆ ಕುರ್ಚಿ ಹಾಕಿ ಕೂತೆ. ಭಾವನಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಶಾಲು ಹೊದ್ದು ಹೊರಗಿನ ಕೋಣೆಗೆ ಹೋದರು.

ಅಕ್ಕ ನನ್ನ ಪಕ್ಕ ಬಂದು ಕೂತಳು. ಅವಳ ಕಣ್ಣು ದೀಪದ ಮೇಲೇ ಇತ್ತು.

"ಒಮ್ಮೆ ಆರಿತ್ತು ಸುಮೀ. ಭಾಳ ವರ್ಷಾತು. ಅದಽ ಥಂಡ್ಯಾಗ ನಮ್ಮ ಅತ್ತಿ ಅಲ್ಲಿ ಊರಾಗ ತೀರಿಹೋದ್ರು. ಮಾರಿ ನೋಡ್ಲಿಕ್ಕೂ ಸಿಗಲಿಲ್ಲ. ಈ ದೀಪ ಕೈಯಾಗ ಕೊಟ್ಟವರು ಅವರಽ. ನೀ ಮೂಢನಂಬಿಕಿ ಅನ್ನು, ಏನರೆ ಅನ್ನು. ನನಗ ಅಂಜಿಕಿ ಬರ್ತದ."

ಅವಳ ಅಂಜಿಕೆ ನನಗೆ ಅರ್ಥವಾಗಿತ್ತು. ನನ್ನ ಅಂಜಿಕೆ ಅವಳ ಬಗ್ಗೆ ಇತ್ತು. ದೀಪವೂ ಉಳಿಯಬೇಕು, ಜಾಲರಿಯೂ ತೆರೆಯಬೇಕು. ಎರಡೂ ಆಗುವ ತನಕ ನಾನು ಲಂಡನ್ನಿನ ಬೇರೇನನ್ನೂ ನೋಡುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದೆ. ನಮ್ಮ ಅಜ್ಜಿ ಹೊರಗಿನ ಗಾಳಿಗೆ ದೀಪ ಒಯ್ಯುವಾಗ ಏನು ಮಾಡುತ್ತಿದ್ದಳು? ಕಂದೀಲಿನ ಗಾಜು ಇಳಿಬಿಡುತ್ತಿದ್ದಳು. ಮೇಲೂ ಕೆಳಗೂ ಬಾಯಿ ಇರುವ, ಹೊಟ್ಟೆ ಉಬ್ಬಿದ ಗಾಜು. ಅದೊಂದು ಸಿಕ್ಕರೆ ಸಾಕಿತ್ತು.

ಕಿಂಗ್ಸ್‌ಬರಿ

ಕೆಂಟನ್ನಿಗೆ ಹತ್ತಿರದ ಕಿಂಗ್ಸ್‌ಬರಿಯ ಭಾರತೀಯ ಅಂಗಡಿಗಳಲ್ಲಿ ಇಲ್ಲದ್ದು ಇಲ್ಲ ಎಂದಿದ್ದರು. ನಿಜವೇ. ಕುಕ್ಕರಿನ ರಬ್ಬರು, ಶಾವಿಗೆ ಒತ್ತು, ಗಂಗಾಜಲ, ಮದುವೆಯ ಪೇಟ, ಎಲ್ಲವೂ ಇತ್ತು. ಕಂದೀಲಿನ ಗಾಜು ಮಾತ್ರ ಇರಲಿಲ್ಲ. ಒಬ್ಬ ಅಂಗಡಿಯವರು ಬಹಳ ಯೋಚಿಸಿ, ಪ್ಲಾಸ್ಟಿಕ್ಕಿನ ದೀಪವೊಂದನ್ನು ತಂದು ಗುಂಡಿ ಒತ್ತಿದರು. ಅದು ಮಿಣಮಿಣ ಎಂದಿತು.

"ಬ್ಯಾಟರಿ ಬದಲಿಸುತ್ತಿದ್ದರೆ ಇದು ಆರುವುದೇ ಇಲ್ಲ, ಬೆಹೆನ್," ಎಂದರು ಹಿಂದಿಯಲ್ಲಿ.

ಅಕ್ಕನ ಮುಖ ನೆನೆಸಿಕೊಂಡು ನಗು ಬಂತು. ಪಟ್ಟು ಬಿಡದೆ ಇನ್ನೂ ನಾಲ್ಕು ಅಂಗಡಿ ಹೊಕ್ಕೆ. ಹೂದಾನಿಗಳಿದ್ದವು, ಆದರೆ ಅವಕ್ಕೆಲ್ಲ ತಳವಿತ್ತು. ಕಾಲು ನೋಯುತ್ತಿತ್ತು, ಮಳೆ ಹನಿಯುತ್ತಿತ್ತು. ಬರಿಗೈಯಲ್ಲಿ ಹೋಗಲಾರೆ ಎಂದು ಬಸ್ ಸ್ಟಾಪಿನಲ್ಲಿ ಹಟ ಹಿಡಿದು ಕೂತೆ. ಅಲ್ಲಿ ಕೂತರೆ ಗಾಜು ತಾನಾಗಿ ಬರುತ್ತದೆಯೇ? ಕೊನೆಗೆ ಎದ್ದು ಮನೆಗೆ ಹೋದೆ.

ಭಾವ ಮುನಿಸು ಬಿಟ್ಟಿರಲಿಲ್ಲ. ಆದರೂ ನನ್ನ ತೊಯ್ದ ಕೋಟು ನೋಡಿ ಅವರೇ ಬಾಯಿ ಬಿಟ್ಟರು. ಸಟನ್ನಿನಲ್ಲಿರುವ ಮೈಸೂರಿನ ಡಾಕ್ಟರೊಬ್ಬರ ಮನೆಯಲ್ಲಿ ಹಳೆಯ ಕಂದೀಲು ತೂಗುಬಿಟ್ಟಿದ್ದಾರೆ, ಕನ್ನಡದವರ ಕೂಟದಲ್ಲಿ ನೋಡಿದ್ದೆ ಎಂದು. ಆಗಿಂದಾಗಲೇ ಫೋನು ಮಾಡಿಸಿದೆ.

ಸಟನ್

ಕೆಂಟನ್ ಲಂಡನ್ನಿನ ಒಂದು ತುದಿ, ಸಟನ್ ಇನ್ನೊಂದು ತುದಿ. ಟ್ಯೂಬು ಎನ್ನುವ ನೆಲದಡಿಯ ರೈಲು ಇಳಿದು, ಮೇಲಿನ ರೈಲು ಹತ್ತಿ, ಥೇಮ್ಸ್ ದಾಟಿ ಹೋದೆ. ನೋಡಿ, ನದಿಯನ್ನೂ ನೋಡಿದಂತಾಯಿತು.

ಡಾಕ್ಟರ ಹೆಂಡತಿ ಪದ್ಮಿನಿ ಬಾಗಿಲಲ್ಲೇ ನಿಂತಿದ್ದರು. ಅವರ ಮನೆಯ ಬೆಚ್ಚಗಿನ ಗಾಳಿ ಮುಖಕ್ಕೆ ತಾಗಿ ನನಗೆ ಅಳುವೇ ಬಂದಂತಾಯಿತು. ಕಂದೀಲು ಸೋಫಾದ ಮೇಲೆ ತೂಗುತ್ತಿತ್ತು, ಒಳಗೆ ಕರೆಂಟಿನ ಬಲ್ಬು.

"ಅಯ್ಯೋ, ತಗೊಂಡ್ ಹೋಗಿ! ಇದಕ್ಕೇನು ಇಷ್ಟು ಸಂಕೋಚ?" ಎಂದು ಪದ್ಮಿನಿ ಸ್ಟೂಲು ಹತ್ತಿ ಗಾಜು ಬಿಚ್ಚಿದರು. "ನಮ್ಮತ್ತೆ ಊರಿಂದ ಹೊತ್ಕೊಂಡ್ ಬಂದಿದ್ದು. ಇಲ್ಲಿ ಬಂದೋರೆಲ್ಲಾ ಎಷ್ಟ್ ಚೆನ್ನಾಗಿದೆ ಅಂತಾರೆ, ಒಬ್ರೂ ದೀಪ ಹಚ್ಚಲಿಲ್ಲ. ಬಿಸಿಬಿಸಿ ಸ್ನಾನ ಮಾಡ್ಕೊಂಡ್ ಹೋಗ್ತೀರಾ?"

ಸ್ನಾನ ಮಾಡಿದೆ. ಅಕ್ಕ ತಣ್ಣೀರಿನಲ್ಲಿ ಮೀಯುತ್ತಿರುವಾಗ ನಾನು ಬಿಸಿನೀರು ಸುರಿದುಕೊಂಡೆ, ಎಷ್ಟು ಸುಖವಾಯಿತೆಂದು ಹೇಳಲಾರೆ.

ಬರುವಾಗ ಟ್ಯೂಬಿನಲ್ಲಿ ಕಚೇರಿ ಬಿಡುವ ಹೊತ್ತು. ಗಾಜನ್ನು ಸ್ವೆಟರಿನಲ್ಲಿ ಸುತ್ತಿ ಮಡಿಲಲ್ಲಿ ಅವಚಿಕೊಂಡು ಕೂತಿದ್ದೆ. ಜನ ಮೈಮೇಲೆ ಬೀಳುತ್ತಿದ್ದರು. ಎದುರು ನಿಂತಿದ್ದ ಬಿಳಿ ಕೂದಲಿನ ಒಬ್ಬರು ಸ್ವೆಟರಿನ ಸಂದಿಯಲ್ಲಿ ಗಾಜು ಕಂಡವರೇ, ತಮ್ಮ ಛತ್ರಿಯನ್ನು ಅಡ್ಡ ಹಿಡಿದು ನನ್ನ ಮುಂದೆ ಬೇಲಿ ಹಾಕಿದರು. ಒಂದು ಮಾತಿಲ್ಲ, ನಗುವಿಲ್ಲ. ನಮ್ಮೂರಿನಲ್ಲಾದರೆ ಅದೇನು, ಎಲ್ಲಿಂದ, ಯಾರಿಗೆ ಎಂದು ಡಬ್ಬಿ ತುಂಬ ಚರ್ಚೆಯಾಗುತ್ತಿತ್ತು. ಅವರು ತಮ್ಮ ಸ್ಟೇಷನ್ ಬಂದಾಗ ಗಾಜಿಗೆ ಒಮ್ಮೆ ತಲೆ ಬಾಗಿಸಿ ಇಳಿದುಹೋದರು.

ಮತ್ತೆ ಕೆಂಟನ್

ಅಕ್ಕ ಗಾಜನ್ನು ತೊಳೆದು, ಒರೆಸಿ, ಅರಿಶಿನ ಕುಂಕುಮ ಹಚ್ಚಿದಳು. ನಂದಾದೀಪ ಹಿತ್ತಾಳೆಯ ತಾಟಿನಲ್ಲಿತ್ತು. ಉಸಿರು ಬಿಗಿಹಿಡಿದು ಗಾಜನ್ನು ದೀಪದ ಸುತ್ತ ಇಳಿಸಿ, ಅಂಚು ಸರಿಯಾಗಿ ತಾಟಿಗೆ ಕೂರುವಂತೆ ಇಟ್ಟಳು. ಭಾವನೂ ಬಂದು ಹಿಂದೆ ನಿಂತಿದ್ದರು.

ಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಜ್ವಾಲೆ ಉದ್ದವಾಯಿತು, ಕೆಂಪಗಾಯಿತು, ತುದಿಯಿಂದ ಕಪ್ಪು ಹೊಗೆ ಎದ್ದಿತು. ಗಾಜಿನ ಒಳಗೋಡೆ ಮಸಿಯಾಯಿತು. ನೋಡನೋಡುತ್ತ ಜ್ವಾಲೆ ಕುಗ್ಗಿ ಬತ್ತಿಯ ತುದಿಯಲ್ಲಿ ಒಂದು ಕೆಂಪು ಕಾಳಿನಷ್ಟಾಯಿತು.

"ಸುಮೀ! ಆರ್ಲಿಕತ್ತದ!"

ನಾನು ಬಟ್ಟೆ ಹುಡುಕುವುದರೊಳಗೆ ಅಕ್ಕ ಬರಿಗೈಯಲ್ಲೇ ಗಾಜು ಎತ್ತಿದಳು. ಪೂರ್ತಿ ತೆಗೆಯಲಿಲ್ಲ, ಬೆರಳಷ್ಟು ಮೇಲೆತ್ತಿ ಹಿಡಿದುಕೊಂಡಳು. ಕೆಳಗಿನ ಸಂದಿನಿಂದ ಗಾಳಿ ಹೊಕ್ಕಿರಬೇಕು. ಆ ಕೆಂಪು ಕಾಳು ಒಮ್ಮೆ ಮಿಣುಕಿತು, ತಡವರಿಸಿತು, ಮೆಲ್ಲಗೆ ಎದ್ದು ನಿಂತಿತು. ಅಕ್ಕನ ಬೆರಳು ಸುಡುತ್ತಿತ್ತು, ಆದರೂ ಬಿಡಲಿಲ್ಲ.

"ಕೆಳಗ ಏನರೆ ಇಡಽ!" ಎಂದಳು. ಪೂಜೆಯ ತಟ್ಟೆಯಲ್ಲಿದ್ದ ಅಡಿಕೆ ಕಂಡವು. ಅಂಚಿನ ಕೆಳಗೆ ಅಲ್ಲಲ್ಲಿ ಇಟ್ಟೆ. ಅಡಿಕೆಯ ಮೇಲೆ ಗಾಜು ಕೂತಿತು, ಕೆಳಗೆ ಸುತ್ತಲೂ ಸಂದು ಉಳಿಯಿತು. ದೀಪ ಸ್ವಚ್ಛವಾಗಿ ಉರಿಯತೊಡಗಿತು.

ಅಕ್ಕ ಬೆರಳನ್ನು ಬಾಯಲ್ಲಿಟ್ಟುಕೊಂಡು ದೀಪ ನೋಡಿದಳು, ಮಸಿ ಹತ್ತಿದ ಗಾಜು ನೋಡಿದಳು. ಆಮೇಲೆ ಬಾಯ್ಲರಿನ ತಗಡಿನ ಮೇಲಿನ ಕಂದು ಕಲೆ ನೋಡಿದಳು. ಟೆರಿ ಹೇಳಿದ್ದು, ನಾನು ಹೇಳಿದ್ದು, ಡಾಕ್ಟರು ಹೇಳಿದ್ದು ಯಾವುದೂ ಅವಳ ಮುಖದಲ್ಲಿ ಇಂಥ ಬದಲಾವಣೆ ತಂದಿರಲಿಲ್ಲ.

"ಅಯ್ಯ, ನಾವು ಮನೀಗೇ ಗಾಜು ಮುಚ್ಚಿ ಕೂತಿದ್ವಲ್ರೀ," ಎಂದಳು ಭಾವನ ಕಡೆ ತಿರುಗಿ.

ಯಾರೂ ಹೇಳಬೇಕಾಗಲಿಲ್ಲ. ಅವಳೇ ಸ್ಟೂಲು ಎಳೆದು ಹತ್ತಿದಳು. ಭಾವ ಅಂಚು ಅಂಚಿಗೂ ಒತ್ತಿದ್ದ ಟೇಪನ್ನು ಪರ್ ಎಂದು ಕಿತ್ತಳು, ವೃತ್ತಪತ್ರಿಕೆ ಎಳೆದು ಬಿಸಾಕಿದಳು. ಅಕ್ಟೋಬರಿನ ಗಾಳಿ ಭರ್ ಎಂದು ಒಳಗೆ ಬಂತು. ಘಟ್ಟದ ಮೊಳಕೆಗಳು ಒಂದೇ ಕಡೆ ಬಾಗಿದವು. ಗಾಜಿನೊಳಗೆ ಜ್ವಾಲೆ ಅತ್ತ ಇತ್ತ ತೂಗಾಡಿತು, ಆರಲಿಲ್ಲ. ನಾನು ಭಾವನ ಮುಖ ನೋಡಿದೆ; ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಡೆ ನೋಡದೆ ಫೋನಿನ ಕಡೆ ನಡೆದರು.

ಟೆರಿ ಬಂದ. ಬಾಯ್ಲರಿನ ಒಳಗಿನ ಮಸಿಯನ್ನೆಲ್ಲ ತೆಗೆದ, ಹೊಗೆಯ ಕೊಳವೆ ಪರೀಕ್ಷಿಸಿದ, ಉರಿ ಹಚ್ಚಿದ. ಮತ್ತೆ ಆ ಹೊಗೆಯ ಕಡ್ಡಿ ಹಿಡಿದ. ಈ ಸಲ ಹೊಗೆ ಬಾಗಿ ಒಳಗೆ ನುಗ್ಗಿ, ಮೇಲಕ್ಕೆ ಹೋಗಿಬಿಟ್ಟಿತು. ಅಕ್ಕ ಆ ಹೊಗೆಗೆ ಕೈಮುಗಿದಳು. ಕಿಂಡಿಯಲ್ಲಿ ನೋಡಿದೆ, ಉರಿ ನೀಲಿಯಾಗಿತ್ತು. ಆ ವಿಷಗಾಳಿ ಬಂದರೆ ಕೂಗುವ ಒಂದು ಅಲಾರ್ಮ್ ಹಾಕಿಸಿಕೊಳ್ಳಿ, ಪ್ರತಿ ವರ್ಷ ತಪ್ಪದೆ ಸರ್ವಿಸ್ ಮಾಡಿಸಿ ಎಂದು ಕೆಂಪು ಚೀಟಿ ಕಿತ್ತ. ಹೋಗುವಾಗ ಅಡಿಕೆಯ ಮೇಲೆ ಕೂತ ಗಾಜನ್ನು ಬಗ್ಗಿ ನೋಡಿ, "ಇದನ್ನು ಕೂರಿಸಿದವರು ಯಾರು, ಲವ್?" ಎಂದು ಕೇಳಿದ. ಅಕ್ಕ ಸುಟ್ಟ ಬೆರಳು ಎತ್ತಿ ತೋರಿಸಿದಳು.

ವಿಜಯದಶಮಿಯ ದಿನ ಬಿಸಿನೀರಿನಲ್ಲಿ ಮಿಂದು ಘಟ್ಟ ಇಳಿಸಿದೆವು. ತಲೆನೋವು ಇಬ್ಬರಿಗೂ ಮತ್ತೆ ಬರಲಿಲ್ಲ.

ಒಂದೆರಡು ವರ್ಷದ ಮೇಲೆ ಭಾವ ಹೊಸ ಬಾಯ್ಲರು ಹಾಕಿಸಿದರು. ಅದು ಪೂರ್ತಿ ಮುಚ್ಚಿದ ಜಾತಿಯದು. ತನಗೆ ಬೇಕಾದ ಗಾಳಿಯನ್ನು ತನ್ನದೇ ಕೊಳವೆಯಿಂದ ಹೊರಗಿನಿಂದಲೇ ಎಳೆದುಕೊಳ್ಳುತ್ತದೆ, ಕೋಣೆಯ ಗಾಳಿ ಅದಕ್ಕೆ ಬೇಡ. ಇನ್ನು ಜಾಲರಿ ಮುಚ್ಚಿದರೂ ಅಡ್ಡಿಯಿಲ್ಲ ಎಂದು ಹಾಕಿದವರೇ ಹೇಳಿದರಂತೆ. ಆ ನವರಾತ್ರಿಗೆ ಅಕ್ಕ ಫೋನು ಮಾಡಿದಾಗ, ಹಾಗಾದರೆ ದೀಪ ಈಗ ಚಿತ್ರದಲ್ಲಿ ಬರೆದ ಹಾಗೆ ನಿಂತಿರಬೇಕಲ್ಲ ಎಂದು ಚೇಷ್ಟೆ ಮಾಡಿದೆ.

"ಇಲ್ಲವಾ, ಜಾಲರಿ ಮುಚ್ಚಗೊಟ್ಟಿಲ್ಲ ನಾ," ಎಂದಳು. "ಹೊಯ್ದಾಡ್ಲಿಕತ್ತದ ನೋಡು. ಮೊದಲ ದೀಪ ಅಳ್ಳಾಡಿದ್ರ ಅಂಜಿಕಿ ಬರ್ತಿತ್ತು ಸುಮೀ. ಈಗ ಅಳ್ಳಾಡಿದ್ರಽ ನನಗ ನಿದ್ದಿ ಬರ್ತದ."